ಎಲ್ಲಿ ಹಾಕುದು, ಮೋಹಿನಿ?

ಅಗೋ, ನೀರು ಉಬ್ಬಿತು, ಬಿದ್ದ ಮರದ ಎಡಗಡೆ, ಎರಡು ಕೊಂಬೆಗಳು ಕತ್ತರಿ ಹಾಕಿಕೊಂಡು ನೀರಿಗಿಳಿದ ಜಾಗದಲ್ಲಿ, ಒಮ್ಮೆ ಉಬ್ಬಿ ತೆಪ್ಪಗಾಯಿತು, ಮೋಹಿನಿ ಕಂಡಳು, ಕಂಡವಳೇ ಮುಖ ಆಚೆ ತಿರುಗಿಸಿದಳು — ಹೇಳುವುದಿಲ್ಲ, ಇವತ್ತು ತೋರಿಸುವುದಿಲ್ಲ, ಮೊದಲು ಆ ಮಾತು, ಆಮೇಲೆ ಮೀನು — ಎಲ್ಲಿ ಹಾಕುದು ಮೋಹಿನಿ, ಎಂತ ಕಾಣ್ತದೆ, ಅಂತ ದೋಣಿಯ ಮುಂದಿನ ತುದಿಯಲ್ಲಿ ನಿಂತ ಜಯಕರ ಕೇಳುತ್ತಿದ್ದಾನೆ, ತಿರುಗಿ ನೋಡದೆ ಕೇಳುತ್ತಾನೆ, ಐದು ವರ್ಷದಿಂದ ಗಂಡ ಹಾಗೇ ಕೇಳುವುದು, ಬಚ್ಚಲುಮನೆಯಿಂದ ಟವೆಲ್ ಕೇಳಿದ ಹಾಗೆ, ಕೈ ಚಾಚಿದರೆ ಬಂದುಬಿಡಬೇಕು. ಎಂತದೂ ಕಾಣ್ತಿಲ್ಲ, ಅಂದಳು. ಸುಳ್ಳು ಬಾಯಿಂದ ಎಷ್ಟು ಸಲೀಸಾಗಿ ಬಂತಪ್ಪ, ಮಾತು ಮಾತ್ರ ಬರುವುದಿಲ್ಲ, ಬೆಳಿಗ್ಗೆ ಆರು ಗಂಟೆಯಿಂದ ಗಂಟಲಲ್ಲಿ ಕೂತಿದೆ, ಫೋರ್ಟ್ ಮಿಲ್‌ನ ಮನೆಯಿಂದ ದೋಣಿಯನ್ನು ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಬರುವಾಗಲೂ ಕೂತಿತ್ತು, ಲೇಕ್ ವೈಲಿಯ ಇಳಿಜಾರಿನಲ್ಲಿ ದೋಣಿ ನೀರಿಗಿಳಿಸುವಾಗ ಹಗ್ಗ ಹಿಡಿದುಕೊಂಡು ನಿಂತಾಗಲೂ ಕೂತಿತ್ತು — ರೀ, ನಾನು ಮಂಗಳವಾರ ಊರಿಗೆ ಹೋಗ್ತಾ ಇದ್ದೇನೆ, ಟಿಕೆಟ್ ಆಗಿದೆ, ಡಿಸೆಂಬರ್ ಮೂರಕ್ಕೆ ಡ್ಯೂಟಿಗೆ ರಿಪೋರ್ಟ್ ಮಾಡ್ಬೇಕು. ಅಷ್ಟೇ. ಮೂರು ತುಂಡು ಮಾತು. ಇವತ್ತು ಶನಿವಾರ. ಮಧ್ಯಾಹ್ನ ಒಂದು ಗಂಟೆಗೆ ಅವನ ಕ್ಲಬ್ಬಿನವರು ದಡದಲ್ಲಿ ತಕ್ಕಡಿ ಇಟ್ಟುಕೊಂಡು ಕಾಯುತ್ತಾರೆ, ವರ್ಷದ ಕೊನೆಯ ಸ್ಪರ್ಧೆ, ಎಲ್ಲರಿಗಿಂತ ದೊಡ್ಡ ಬ್ಯಾಸ್ ಮೀನು ಯಾರದೋ ಅವರಿಗೆ ಬಹುಮಾನದ ಕಪ್, ಒಂದು ಗಂಟೆಯ ಮೇಲೆ ದೋಣಿ ಇಲ್ಲ, ಮನೆಗೆ ಹೋದ ಮೇಲೆ ಮಾತು ಇಲ್ಲ, ಹೇಳುವುದಿದ್ದರೆ ಇಲ್ಲಿಯೇ. ಈಗ ಹತ್ತೂಕಾಲು.

ಎಲ್ಲ ತನ್ನದೇ ತಪ್ಪು, ಬೇರೆ ಯಾರನ್ನು ಬೈದು ಏನು, ಈ ಹುಚ್ಚನ್ನು ಅವನಿಗೆ ಹಿಡಿಸಿದವಳು ತಾನೇ ಅಲ್ಲವೇ, ಉಡುಪಿ ಪೇಟೆಯಲ್ಲಿ ಹುಟ್ಟಿ ಬೆಳೆದ ಜಯಕರನಿಗೆ ಮೀನೆಂದರೆ ತಟ್ಟೆಯಲ್ಲಿ ಇರುವಂಥದ್ದು, ಈಜು ಸಹ ಬಾರದು, ತಾನು ಅಮೆರಿಕಕ್ಕೆ ಬಂದ ಮೊದಲ ಚಳಿಗಾಲ ಕಳೆದು ಒಂದು ಭಾನುವಾರ ಇದೇ ಕೆರೆಯ ದಡದಲ್ಲಿ, ಆಫೀಸಿನವರ ಪಿಕ್‌ನಿಕ್, ಯಾರೋ ಕೊಟ್ಟ ಗಾಳದ ಕೋಲು ಹಿಡಿದುಕೊಂಡು ಎರಡು ಗಂಟೆ ನಿಂತು ಕೆಂಪಗಾಗಿದ್ದ, ಸುತ್ತಲಿನವರು ನಗುತ್ತಿದ್ದರು, ಪಾಪ ಅನ್ನಿಸಿತು, ನಿಜವಾಗಿಯೂ ಪಾಪ ಅನ್ನಿಸಿತು, ಹತ್ತಿರ ಹೋಗಿ ತುಟಿ ಅಲ್ಲಾಡಿಸದೆ ಹೇಳಿದಳು — ಅಲ್ಲಿ ಅಲ್ಲ, ಆ ಬಿದ್ದ ಮರದ ನೆರಳಲ್ಲಿ ಹಾಕಿ, ಸಣ್ಣ ಮೀನುಗಳೆಲ್ಲ ಸುತ್ತ ಇದ್ದಾವೆ, ನಡುವೆ ಒಂದು ಚಾಪೆಯಷ್ಟು ಜಾಗ ಖಾಲಿ ಬಿಟ್ಟಿದ್ದಾವೆ ನೋಡಿ, ಖಾಲಿ ಬಿಟ್ಟದ್ದು ಸುಮ್ಮನೆ ಅಲ್ಲ, ದೊಡ್ಡದು ಅಲ್ಲಿ ಉಂಟು. ಮೂಲ್ಕಿಯ ಹೊಳೆಯಲ್ಲಿ ಅಜ್ಜ ಕಲಿಸಿದ್ದು, ಅಜ್ಜ ಮಾವಿನ ಕೊಂಬೆ ಕಡಿದು ಹಿನ್ನೀರಲ್ಲಿ ಮುಳುಗಿಸಿ ಒಂದು ತಿಂಗಳು ಆ ಕಡೆ ತಲೆ ಹಾಕುತ್ತಿರಲಿಲ್ಲ, ಮರ ನೀರಿಗೆ ಬಿದ್ದರೆ ಮೀನಿಗೆ ಮನೆ ಆಯಿತು ಮಗಾ ಅನ್ನುತ್ತಿದ್ದರು, ಆಮೇಲೆ ಕಾಲೇಜಿನಲ್ಲಿ ಅದನ್ನೇ ಪುಸ್ತಕದಲ್ಲಿ ಓದಿ ಪರೀಕ್ಷೆ ಬರೆದು ಮೊದಲ ದರ್ಜೆ ತೆಗೆದಳು. ಜಯಕರ ಹಾಕಿದ. ಹಾಕಿದ ಕೂಡಲೇ ನಾಲ್ಕು ಪೌಂಡು. ಕೆಳದವಡೆ ಹಿಡಿದು ಎತ್ತಿ, ಫೋಟೋ ತೆಗೆಸಿ, ವಾಪಸ್ ನೀರಿಗೆ ಬಿಟ್ಟರು — ಬಿಟ್ಟೇ ಬಿಟ್ಟರು, ಅಯ್ಯೋ ದೇವರೇ, ಒಂದು ಮನೆಗೆ ಎರಡು ಹೊತ್ತಿನ ಗಸಿ ಆಗುವ ಮೀನು! ಅವತ್ತಿಂದ ಪ್ರತಿ ಶನಿವಾರ. ಮೊದಲು ಬಾಡಿಗೆ ದೋಣಿ, ಆಮೇಲೆ ಸ್ವಂತದ್ದು, ಅದಕ್ಕೆ ಮೀನು ಎಲ್ಲಿದೆ ಎಂದು ಕೀಂಯ್ ಕೀಂಯ್ ಅನ್ನುವ ಮಿಷನ್ನು, ಆ ಮಿಷನ್ನು ಅಲ್ಲಿ ಕೀಂಯ್ಗುಡುತ್ತಿದ್ದರೂ ಕೇಳುವುದು ಇವಳನ್ನೇ, ಎಲ್ಲಿ ಹಾಕುದು ಮೋಹಿನಿ, ಇವಳು ಗದ್ದ ಎತ್ತಿ ತೋರಿಸಬೇಕು, ಬೆರಳಲ್ಲ, ಬೆರಳು ತೋರಿಸಿದರೆ ಬೇರೆ ದೋಣಿಯವರಿಗೆ ಕಾಣುತ್ತದೆ, ಗದ್ದ ಮಾತ್ರ, ಹಾಗಂತ ಅವನೇ ಮಾಡಿದ ಏರ್ಪಾಡು. ಆಮೇಲೆ ಕನ್ನಡ ಸಂಘದ ಯುಗಾದಿಯಲ್ಲಿ ನಾಲ್ಕು ಜನರ ನಡುವೆ ನಿಂತು, ನೀರು ಓದೋದು ಅಂದ್ರೆ ಒಂದು ಸಿಕ್ಸ್ತ್ ಸೆನ್ಸ್, ಹೇಳಿಕೊಟ್ಟು ಬರುದಲ್ಲ, ಅಂತ ಭಾಷಣ. ಇವಳು ಪಕ್ಕದಲ್ಲಿಯೇ ನೀರುದೋಸೆಯ ತಟ್ಟೆ ಹಿಡಿದುಕೊಂಡು ನಿಂತಿರುತ್ತಾಳೆ, ಇನ್ನೊಂದು ಹಾಕಿಸ್ಕೊಳ್ಳಿ ಅನ್ನುತ್ತಾ.

ಚಳಿ. ನವೆಂಬರಿನ ಬಿಸಿಲು ಬೆನ್ನಿಗೆ ಬಿದ್ದರೂ ಬೆನ್ನು ಬೆಚ್ಚಗಾಗುವುದಿಲ್ಲ, ಲೈಫ್ ಜಾಕೆಟಿನ ಪಟ್ಟಿ ಕತ್ತಿನ ಕೆಳಗೆ ಒತ್ತುತ್ತದೆ, ಸ್ವಲ್ಪ ಸಡಿಲ ಮಾಡೋಣ ಅಂದರೆ ಬೇಡ ಮಾರಾಯ್ತಿ ರೂಲ್ಸ್ ಉಂಟು ಅನ್ನುತ್ತಾನೆ. ಈ ವರ್ಷ ಮಳೆಯೇ ಇಲ್ಲ, ಕೆರೆ ಇಳಿದು ದಡದ ಕೆಂಪು ಮಣ್ಣು ಒಂದಾಳೆತ್ತರ ಹೊರಗೆ ಕಾಣುತ್ತಿದೆ, ಎಂದೋ ಮುಳುಗಿದ ಮರಗಳೆಲ್ಲ ಕೈಕಾಲು ಹೊರಗೆ ಹಾಕಿವೆ, ಇನ್ನೆಷ್ಟು ಒಳಗಿವೆಯೋ, ಮೆಲ್ಲ ಹೋಗಿ ಅಂತ ಬೆಳಿಗ್ಗೆಯೇ ಹೇಳಿದ್ದಳು, ಗೊತ್ತುಂಟು ಗೊತ್ತುಂಟು ಅಂದಿದ್ದ. ಅವನಿಗೆ ಎಲ್ಲ ಗೊತ್ತು. ಕಿವಿರು ಅಂದರೆ ಏನು, ಬ್ಯಾಸ್ ಯಾವಾಗ ಮೊಟ್ಟೆ ಇಡುತ್ತದೆ, ನೀರಿನ ಬಿಸಿ ಎಷ್ಟಿದ್ದರೆ ಹೊಟ್ಟೆ ಹಸಿಯುತ್ತದೆ, ಎಲ್ಲ ಇವಳಿಗೇ ವಿವರಿಸುತ್ತಾನೆ, ಟಿವಿಯಲ್ಲಿ ನೋಡಿದ್ದನ್ನು — ಇವಳಿಗೆ, ಮೀನುಗಾರಿಕೆ ಇಲಾಖೆಯಲ್ಲಿ ಏಳು ವರ್ಷ ಕೆಲಸ ಮಾಡಿದವಳಿಗೆ, ಮಂಗಳೂರಿನ ಆಫೀಸಿನಲ್ಲಿ ಎರಡನೇ ಮಹಡಿಯ ಕಿಟಕಿಯ ಪಕ್ಕದ ಮೇಜು, ಬೆಳಿಗ್ಗೆ ಬಂದರಿಗೆ ಹೋಗಿ ಬಂದರೆ ಸಂಜೆಯವರೆಗೆ ಸೀರೆಯ ಅಂಚಿನಲ್ಲಿ ವಾಸನೆ, ಮೇಡಮ್ಮಾ ಬಂದ್ರು ಬಲೆಯ ಕಣ್ಣು ಅಳೀಲಿಕ್ಕೆ, ಅಂತ ದೋಣಿಯವರು ಛೇಡಿಸುತ್ತಿದ್ದರು, ಆದರೆ ಮಾತು ಕೇಳುತ್ತಿದ್ದರು. ಅಲ್ಲಿ ಅವಳು ಕೈ ತೋರಿಸಿದರೆ ಕೈಯೇ, ಗದ್ದವಲ್ಲ. ಮದುವೆಯಾಗಿ ಎರಡು ವರ್ಷ ಅವನು ಇಲ್ಲಿ, ಇವಳು ಅಲ್ಲಿ, ಬಾ ಬಾ ಅಂತ ಫೋನು, ಕೊನೆಗೆ ಐದು ವರ್ಷದ ಸಂಬಳವಿಲ್ಲದ ರಜೆ ಬರೆದುಕೊಟ್ಟು ಬಂದಳು, ಅರ್ಜಿ ತೆಗೆದುಕೊಂಡ ಗುಮಾಸ್ತ ಮಹಾಂತಪ್ಪ ಕನ್ನಡಕದ ಮೇಲಿಂದ ನೋಡಿ, ಮೇಡಂ, ಐದು ವರ್ಸ ಅಂದ್ರ ಐದು ವರ್ಸ, ಒಂದು ದಿನ ತಡ ಆದ್ರೂ ನಿಮ್ಮ ಹೆಸರು ತೆಗೀತಾರ, ನೆನಪಿಟ್ಕೋರಿ, ಅಂದಿದ್ದರು. ನೆನಪಿಟ್ಟುಕೊಂಡಿದ್ದಾಳೆ. ಇಲ್ಲಿ ಅವಳದ್ದು ಗಂಡನ ವೀಸಾಕ್ಕೆ ತಗುಲಿಕೊಂಡ ವೀಸಾ, ಇರಬಹುದು, ದುಡಿಯುವ ಹಾಗಿಲ್ಲ, ಮೊದಲ ವರ್ಷ ಅದು ಬರೀ ಕಾಗದ ಅಂದುಕೊಂಡಿದ್ದಳು, ಎರಡನೇ ವರ್ಷದಲ್ಲಿ ಹಗಲು ಹನ್ನೊಂದು ಗಂಟೆಗೆ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿರುವುದು ತನಗೇ ಗೊತ್ತಾಗಿ ನಲ್ಲಿ ಬಂದ್ ಮಾಡಿ ನೆಲದ ಮೇಲೆ ಕೂತುಬಿಟ್ಟಿದ್ದಳು. ಅದನ್ನು ಯಾರಿಗೂ ಹೇಳಿಲ್ಲ.

ಕೆಲಸದ ವಿಷಯ ಅವನಿಗೆ ಹೇಳಲಿಲ್ಲ ಅಂತ ಅಲ್ಲ, ಹೇಳಿದ್ದಾಳೆ, ಜೂನ್‌ನಲ್ಲಿ ಹೇಳಿದಳು, ರಜೆ ಮುಗೀತದೆ ಎಂತ ಮಾಡುದು ಅಂತ, ಅವನು ಟಿವಿಯ ಸದ್ದು ಕಡಿಮೆ ಮಾಡದೆ ನೋಡುವ ಅಂದ, ಆಗಸ್ಟ್‌ನಲ್ಲಿ ಕಾರಿನಲ್ಲಿ ಹೇಳಿದಳು, ನೋಡುವ ಅಂದೆನಲ್ಲ ಅಂದ, ದಸರಾದ ಹೊತ್ತಿಗೆ ಹೇಳಿದಾಗ ನಕ್ಕುಬಿಟ್ಟ, ಆ ಕೆಲಸ ಬಿಟ್ರೆ ನಮಗೆ ಎಂತ ಗಂಜಿ ಇಲ್ಲವಾ ಮೋಹಿನಿ, ನೀನು ಹೋದ್ರೆ ನನಗೆ ಮೀನು ಯಾರು ತೋರಿಸುದು, ಅಂತ ಅವಳ ಗದ್ದ ಹಿಡಿದು ಅಲ್ಲಾಡಿಸಿದ — ಪ್ರೀತಿಯಿಂದಲೇ, ಅದೇ ಕಷ್ಟ, ಅವನ ಕೈ ಬಿರುಸಲ್ಲ, ಬಾಯಿ ಕೆಟ್ಟದ್ದಲ್ಲ, ಯಾರ ಹತ್ತಿರ ಹೇಳಿದರೂ ನಿನಗೇನು ಕಡಿಮೆಯಾಗಿದೆ ಅಂತ ಕೇಳುತ್ತಾರೆ, ಕೇಳಿದರೆ ಇವಳಿಗೇ ಉತ್ತರ ಗೊತ್ತಾಗುವುದಿಲ್ಲ. ಹಾಗಾಗಿ ಅಕ್ಕ ಕಾತ್ಯಾಯಿನಿಗೆ ಫೋನ್ ಮಾಡಿದಳು, ಅಕ್ಕ ಒಂದೇ ಮಾತು, ಬಾ. ಟಿಕೆಟ್ ಹೇಗೆ ಮಾಡುವುದು, ಇವಳ ಹೆಸರಿನಲ್ಲಿ ಕಾರ್ಡಿಲ್ಲ, ಮನೆಯ ಕಂಪ್ಯೂಟರ್ ಅವನದ್ದು, ಆಗ ನೆನಪಾದದ್ದು ಡುಲುತ್ ಊರಿನ ಬದರಿನಾಥ ಅಂಕಲ್, ಟ್ರಾವೆಲ್ಸ್ ಇಟ್ಟಿದ್ದಾರೆ, ಇಲ್ಲಿಂದ ಅಟ್ಲಾಂಟಾದವರೆಗೆ ಕನ್ನಡದವರೆಲ್ಲ ಊರಿಗೆ ಹೋಗುವುದು ಅವರ ಕೈಯಿಂದಲೇ, ನಮ್ಮವರು, ಕನ್ನಡದಲ್ಲಿ ಮಾತಾಡಿದರೆ ಸಾಕು, ಊರಲ್ಲಿ ದುಡ್ಡು ಕಟ್ಟಿದರೂ ನಡೆಯುತ್ತದೆ, ಅಕ್ಕ ಮಂಗಳೂರಿನ ಹಂಪನಕಟ್ಟೆಯಲ್ಲಿ ಅವರ ತಮ್ಮನ ಅಂಗಡಿಗೆ ಹೋಗಿ ಕಟ್ಟಿ ಬಂದಳು. ಅದಕ್ಕೇನಮ್ಮಾ, ನಮ್ಮ ಮನೆ ಮಗಳ ಹಾಗೆ ನೀನು, ವಿಂಡೋ ಸೀಟ್ ಹಾಕಿಸ್ತೀನಿ, ವೆಜ್ಜೋ ನಾನ್‌ವೆಜ್ಜೋ ಅಂತ ಅಂಕಲ್ ಬಾಯ್ತುಂಬ ನಕ್ಕು ಕೇಳಿದರು, ನಾನ್‌ವೆಜ್ ಅಂಕಲ್ ಅನ್ನುವಾಗ ಇವಳಿಗೂ ನಗು ಬಂತು, ಎಷ್ಟೋ ತಿಂಗಳ ಮೇಲೆ ಫೋನ್ ಇಟ್ಟು ಒಬ್ಬಳೇ ನಕ್ಕಳು. ಟಿಕೆಟ್ ಅಂಚೆಯಲ್ಲಿ ಬಂತು. ಅಕ್ಕಿಹಿಟ್ಟಿನ ಡಬ್ಬದ ಹಿಂದೆ, ಪಾಸ್‌ಪೋರ್ಟಿನ ಒಳಗೆ ಮಡಚಿ ಇಟ್ಟಿದ್ದಾಳೆ. ಹೇಳದೆ ಓಡಿಹೋಗುವವಳಲ್ಲ ಅವಳು, ಹೇಳಿಯೇ ಹೋಗಬೇಕು, ಅದಕ್ಕೆ ಜಾಗ ಬೇಕು, ಅಡುಗೆಮನೆಯಲ್ಲಿ ಹೇಳಿದರೆ ಹಾಲ್‌ಗೆ ಹೋಗುತ್ತಾನೆ, ಹಾಲ್‌ನಲ್ಲಿ ಹೇಳಿದರೆ ಗರಾಜಿಗೆ, ದೋಣಿಯಲ್ಲಾದರೆ ಎಲ್ಲಿಗೆ ಹೋಗುತ್ತಾನೆ, ಎಂಟು ಹೆಜ್ಜೆ ಉದ್ದ, ಸುತ್ತ ನೀರು, ಕೇಳಲೇಬೇಕಲ್ಲ, ಹಾಗಂತ ಲೆಕ್ಕ ಹಾಕಿ ಬಂದದ್ದು, ತಾನೂ ಅದೇ ಎಂಟು ಹೆಜ್ಜೆಯೊಳಗೆ ಇರುತ್ತೇನೆ ಅನ್ನುವುದು ಹೊಳೆಯಲೇ ಇಲ್ಲ.

ಎಂತ ಆಯ್ತು ನಿನಗೆ ಇವತ್ತು, ಅಂತ ಈಗ ತಿರುಗಿ ನೋಡಿದ, ಹಣೆಯ ಮೇಲೆ ಟೋಪಿಯ ನೆರಳು, ಮುಖದಲ್ಲಿ ಸಿಟ್ಟಿಲ್ಲ, ಮಗುವಿನ ಥರ ದಿಗಿಲು, ಮೂರು ಗಂಟೆ ಹೊತ್ತಾಯ್ತು, ಒಂದೂ ತೋರಿಸಿಲ್ಲ ನೀನು, ಹುಷಾರಿಲ್ಲವಾ, ಕಾಫಿ ಕುಡೀತಿಯಾ — ರೀ, ಅಂದಳು, ಬಂತು, ಬಾಯಿಗೆ ಬಂತು ಮಾತು, ಆ ಹೊತ್ತಿಗೇ ಕತ್ತರಿ ಕೊಂಬೆಯ ಹತ್ತಿರ ನೀರು ಮತ್ತೆ ಉಬ್ಬಿತು, ಈ ಸಲ ಬೆನ್ನಿನ ಮುಳ್ಳು ಸಹ ಕಂಡಿತು, ಏಳು ಪೌಂಡಿಗೆ ಮೋಸವಿಲ್ಲ, ಮತ್ತು ಗದ್ದ ಎದ್ದಿತು. ತಾನು ಎತ್ತಿದ್ದಲ್ಲ, ಅದೇ ಎದ್ದಿತು, ಹಾಳಾದ ಗದ್ದ, ಐದು ವರ್ಷದ ಅಭ್ಯಾಸ, ಮಾತು ಗಂಟಲಲ್ಲೇ ಉಳಿಯಿತು, ಗದ್ದ ಎದ್ದು ತೋರಿಸಿಬಿಟ್ಟಿತು. ಜಯಕರ ಆಗಲೇ ತಿರುಗಿಯಾಗಿತ್ತು, ಗಾಳಕ್ಕೆ ಸಿಕ್ಕಿಸಿದ ರಬ್ಬರಿನ ಹುಳ ಗಾಳಿಯಲ್ಲಿ ಹಾರಿ ಕೊಂಬೆಗಳ ಸಂದಿಯಲ್ಲಿ ಸದ್ದಿಲ್ಲದೆ ಇಳಿಯಿತು — ಕೈಚಳಕ ಇದೆ ಅವನಿಗೆ, ಇಲ್ಲ ಅನ್ನಲಾಗುವುದಿಲ್ಲ — ಒಂದು, ಎರಡು, ಕೋಲು ಬಾಗಿತು, ಓ ದೇವರೇ ಎಂಥ ಮೀನು ಮಾರಾಯ್ತಿ ಅಂತ ಕಿರುಚಿದ, ಮೀನು ಮೇಲೆ ಬರಲಿಲ್ಲ, ಬುದ್ಧಿವಂತ, ಮರದ ಒಳಕ್ಕೆ ನುಗ್ಗಿತು, ಲೈನ್ ಯಾವುದೋ ಕೊಂಬೆಗೆ ಸುತ್ತಿಕೊಂಡಿತು, ಹತ್ತಿರ ಹೋದರೆ ಬಿಡಿಸಬಹುದು ಅಂತ ಕಾಲಿನಿಂದ ಮೋಟಾರಿನ ಪೆಡಲು ಒತ್ತಿದ, ಬೇಡ ಬೇಡ ನೀರು ಕಡಿಮೆ ಉಂಟು ಅಂತ ಇವಳು ಅನ್ನುವುದರೊಳಗೆ ದೋಣಿಯ ಅಡಿಯಲ್ಲಿ ಗರ್ರ್ ಅಂತ ಒಂದು ಉದ್ದ ಸದ್ದು, ಹಲ್ಲಿನ ಬೇರಿಗೆ ತಾಗುವಂಥದ್ದು, ಮುಂದಿನ ತುದಿ ಗೇಣುದ್ದ ಮೇಲೆದ್ದಿತು, ನಿಂತಿತು. ಮುಳುಗಿದ ಬೊಡ್ಡೆಯ ಮೇಲೆ ಹತ್ತಿ ಕೂತಿದ್ದರು. ಮೋಟಾರು ಹಿಂದಕ್ಕೆ ತಿರುಗಿಸಿದರೆ ಕೆಸರು ಎದ್ದಿತೇ ಹೊರತು ದೋಣಿ ಏಳಲಿಲ್ಲ.

ಇದನ್ನು ಹಿಡ್ಕೊ, ಅಂದ. ಕೋಲು ಅವಳ ಕೈಗೆ ಬಂತು. ಬಿಗಿಯಾಗಿ ಹಿಡ್ಕೊ, ಲೈನ್ ಸಡಿಲ ಬಿಡ್ಬೇಡ, ಸಡಿಲ ಆದ್ರೆ ಉಗುಳಿ ಹೋಗ್ತದೆ, ಹಿಂದೆ ಹೋಗಿ ಕೂತ್ಕೋ ನೀನು, ಭಾರ ಹಿಂದೆ ಬರ್ಲಿ, ಅಲ್ಲಾಡ್ಬೇಡ, ಅಂತ ಒಂದೇ ಉಸಿರಿಗೆ ಹೇಳಿ ಹುಟ್ಟು ತೆಗೆದುಕೊಂಡು ಮುಂದೆ ಹೋಗಿ ಬೊಡ್ಡೆಗೆ ಚುಚ್ಚಿ ತಳ್ಳತೊಡಗಿದ. ಅವಳು ಹಿಂದೆ ಹೋದಳು, ಕೂತಳು, ಭಾರವಾದಳು. ಕೈಯಲ್ಲಿ ಮೀನು. ಎಷ್ಟು ವರ್ಷವಾಯಿತು ಕೈಯಲ್ಲಿ ಜೀವದ ಮೀನು ಬಂದು — ತೋರಿಸುವುದು ಮಾತ್ರ ಅವಳ ಪಾಲು, ಹಿಡಿಯುವುದು ಯಾವತ್ತೂ ಅವನದ್ದು — ಲೈನ್ ಕೋಲಿನ ತುದಿಯಿಂದ ಹೊರಟು ನೆಟ್ಟಗೆ, ಎರಡು ಕೊಂಬೆಯ ನಡುವೆ, ಕಪ್ಪು ನೀರಿಗೆ ಇಳಿದಿದೆ, ಇಳಿದಲ್ಲಿ ನಡುಗುತ್ತಿದೆ, ಆ ನಡುಕ ಕೋಲಿನಲ್ಲಿ ಹತ್ತಿ ಅಂಗೈಗೆ ಬರುತ್ತದೆ, ಬಂದು ಮೊಣಕೈಯವರೆಗೆ ಏರುತ್ತದೆ. ಹಿಂದುಗಡೆ ಒಂದು ಮೋಟಾರಿನ ಸದ್ದು. ಹಸಿರು ದೋಣಿ, ಅದರಲ್ಲಿ ಒಬ್ಬ ಮುದುಕ, ಗಡ್ಡ, ಕಿತ್ತಳೆ ಟೋಪಿ, ವೇಗ ತಗ್ಗಿಸಿ ಕೈ ಎತ್ತಿ ಕೂಗಿದ, ಯಾಲ್ ಆಲ್‌ರೈಟ್, ಸರಿಯಿದ್ದೀರಾ ನೀವೆಲ್ಲ? ಹಗ್ಗ ಉಂಟು ನನ್ನ ಹತ್ತಿರ, ಎಳೆಯಲಾ ಅಂತ ಕೈಸನ್ನೆಯಲ್ಲೇ ತೋರಿಸಿದ. ಐದು ನಿಮಿಷದ ಕೆಲಸ. ವಿ ಆರ್ ಗುಡ್, ಥ್ಯಾಂಕ್ ಯೂ ಅಂತ ಜಯಕರ ಹಲ್ಲು ಬಿಟ್ಟ, ಬೇರೆಯವರ ಸಹಾಯ ತಗೊಂಡ್ರೆ ಮೀನು ಲೆಕ್ಕಕ್ಕಿಲ್ಲ, ಕ್ಲಬ್ಬಿನ ರೂಲು, ಮೇಲಾಗಿ ಅವನಿಗೆ ಈ ಜಾಗ ಗೊತ್ತಾಗ್ತದೆ, ಅಂತ ಇವಳಿಗೆ ಕೇಳಿಸುವಷ್ಟು ಮಾತ್ರ ಹೇಳಿದ. ಮುದುಕ ಇವಳ ಕಡೆ ನೋಡಿದ. ಮ್ಯಾಮ್? ಅಂದ. ಇವಳನ್ನೇ ಕೇಳಿದ್ದು. ಇಲ್ಲ, ನಾನು ಸರಿಯಾಗಿಲ್ಲ, ನಾನು ಇಲ್ಲಿಂದ ಹೋಗಬೇಕು, ಅನ್ನಬಹುದಿತ್ತು, ಇಂಗ್ಲಿಷ್ ಬರುವುದಿಲ್ಲವೇ ಅವಳಿಗೆ, ಪ್ರಬಂಧವನ್ನೇ ಇಂಗ್ಲಿಷಿನಲ್ಲಿ ಬರೆದವಳು — ನಕ್ಕಳು. ಎರಡೂ ಕೈಯಲ್ಲಿ ಕೋಲಿತ್ತಲ್ಲ, ತಲೆ ಆಡಿಸಿದಳು. ಹಸಿರು ದೋಣಿ ತಿರುವಿನ ಆಚೆ ಹೋಯಿತು, ಅದರ ಅಲೆ ಬಂದು ಇವರ ದೋಣಿಗೆ ತಾಗಿತು, ದೋಣಿ ಅಲುಗಲಿಲ್ಲ.

ಈಗ. ಈಗ ಹೇಳದಿದ್ದರೆ ಇಲ್ಲ, ಅವನ ಬೆನ್ನು ಇವಳ ಕಡೆಗಿದೆ, ಬೆನ್ನಿಗೆ ಹೇಳುವುದು ಸುಲಭ, ಕೋಲಿನಲ್ಲಿ ಒಂದು ಬಡಿತ, ಅದು ತನ್ನದೋ ಮೀನಿನದೋ ಕೈಗೆ ಗೊತ್ತಾಗುತ್ತಿಲ್ಲ — ಎಷ್ಟು ಸಲ ಅಭ್ಯಾಸ ಮಾಡಿದ್ದಾಳೆ, ಪಾತ್ರೆ ತೊಳೆಯುವಾಗ, ಬಟ್ಟೆ ಮಡಚುವಾಗ, ನೋಡಿ ನಾನು ನಿಮ್ಮನ್ನು ಬಿಟ್ಟು ಹೋಗುದಲ್ಲ, ನಾನು ನನ್ನ ಕೆಲಸಕ್ಕೆ ಹೋಗುದು, ನೀವು ವರ್ಷಕ್ಕೊಮ್ಮೆ ಬನ್ನಿ, ನಾನೂ ಬರ್ತೇನೆ, ಮೊದಲೆರಡು ವರ್ಷ ಹಾಗೇ ಇದ್ದೆವಲ್ಲ, ಈಗ ಯಾಕೆ ಆಗುದಿಲ್ಲ — ಇಷ್ಟೆಲ್ಲ ಅಂದುಕೊಂಡದ್ದು, ಬಾಯಿಂದ ಬಂದದ್ದು ಒಂದೇ, ನಾನು ಮಂಗಳವಾರ ಊರಿಗೆ ಹೋಗ್ತಾ ಇದ್ದೇನೆ. ಸ್ವರ ದೊಡ್ಡದಾಗಿಯೇ ಬಂತು. ನೀರಿನ ಮೇಲೆ ಹೋಗಿ ಆಚೆ ದಡಕ್ಕೆ ತಾಗಿ ವಾಪಸ್ ಬಂದ ಹಾಗೆ ಅನ್ನಿಸಿತು. ಟಿಕೆಟ್ ಆಗಿದೆ, ಅಂದಳು. ಮೂರಕ್ಕೆ ಡ್ಯೂಟಿಗೆ ಸೇರ್ಬೇಕು, ಅಂದಳು. ಹೇಳಿಯಾಯಿತು, ಅಬ್ಬ, ಹೇಳಿಯಾಯಿತು, ಮೈಯೆಲ್ಲ ಹಗುರ, ಇನ್ನು ಕೂಗಲಿ, ಬೈಯಲಿ, ಹುಟ್ಟು ಎಸೆಯಲಿ, ಎಂತ ಬೇಕಾದರೂ ಆಗಲಿ. ಜಯಕರ ಹುಟ್ಟನ್ನು ಬೊಡ್ಡೆಯಿಂದ ತೆಗೆದು ಇನ್ನೊಂದು ಕಡೆ ಚುಚ್ಚಿದ, ಒತ್ತಿದ, ಕತ್ತಿನ ನರ ಉಬ್ಬಿತು, ದೋಣಿ ಒಂದಿಂಚು ಕದಲಿ ಮತ್ತೆ ಕೂತಿತು. ಉಸಿರು ಬಿಟ್ಟ. ಗೊತ್ತುಂಟು, ಅಂದ.

ಗೊತ್ತುಂಟು, ಬದರಿನಾಥ ಅಂಕಲ್ ಬುಧವಾರ ಆಫೀಸಿಗೆ ಫೋನ್ ಮಾಡಿದ್ರು, ಏನ್ ಸಾರ್ ಮೇಡಂನ ಒಬ್ರನ್ನೇ ಕಳಿಸ್ತಿದೀರಾ, ನೀವೂ ಬನ್ನಿ, ಪಕ್ಕದ ಸೀಟ್ ಖಾಲಿ ಇದೆ ಅಂತ, ಪಾಪ ಅವರಿಗೆ ಎಂತ ಗೊತ್ತು, ನಾನು ಇಲ್ಲ ಸಾರ್ ಪ್ರೋಗ್ರಾಂ ಚೇಂಜ್ ಆಯ್ತು ಅಂತ ಟಿಕೆಟ್ ಕ್ಯಾನ್ಸಲ್ ಮಾಡ್ಸಿದೆ, ಬರುವ ವರ್ಷ ಬೇಸಿಗೆಗೆ ಇಬ್ಬರೂ ಒಟ್ಟಿಗೆ ಹೋಗುವ, ಒಂದು ತಿಂಗಳು, ನಿನ್ನ ಅಕ್ಕನ ಮನೆಗೂ ಹೋಗುವ, ಆಯ್ತಾ, ನಾನು ಬೇಜಾರು ಮಾಡ್ಕೊಳ್ಳಿಲ್ಲ ಮೋಹಿನಿ, ನಿಜವಾಗಿ, ನಿನಗೆ ಊರಿನ ನೆನಪು ಆಗ್ತದೆ ನನಗೆ ಅರ್ಥ ಆಗ್ತದೆ — ಲೈನ್ ನೋಡು, ಸಡಿಲ ಬಿಡ್ಬೇಡ. ಹಾಲು ಬೇಡ ಅಂತ ಹಾಲಿನವನಿಗೆ ಹೇಳಿದ ಸ್ವರ. ಬುಧವಾರ. ಬುಧವಾರದಿಂದ ಗೊತ್ತಿದೆ ಇವನಿಗೆ, ಬುಧವಾರ ರಾತ್ರಿ ಬಂದು ಚಪ್ಪಲಿ ಬಿಟ್ಟು ಎಂತ ಅಡುಗೆ ಅಂತ ಕೇಳಿದ, ಗುರುವಾರ ರಜೆ, ಇವಳು ಒಳಗೊಳಗೆ ಸುಟ್ಟುಕೊಂಡು, ಮೋಸ ಮಾಡುತ್ತಿದ್ದೇನೆ ಅಂತ ಅಳು ಬಂದು, ಅವನಿಗೆ ಇಷ್ಟ ಅಂತ ತೆಂಗಿನಕಾಯಿ ಅರೆದು ಕೋಳಿ ಗಸಿ ಮಾಡಿದಳು, ಎರಡು ಸಲ ಹಾಕಿಸಿಕೊಂಡ, ಇವತ್ತು ರುಚಿ ಬೇರೆಯೇ ಉಂಟು ಮಾರಾಯ್ತಿ ಅಂದ, ಅಂದು ಇವಳ ಮುಖ ನೋಡಿದ, ನೋಡಿದ ಅಲ್ಲವೇ, ಗೊತ್ತಿದ್ದು ನೋಡಿದ, ಇವಳು ತಲೆ ತಗ್ಗಿಸಿದ್ದನ್ನು ನೋಡಿದ. ಥೂ. ನಾಚಿಕೆ ಯಾರದ್ದು, ಸಿಟ್ಟು ಯಾರ ಮೇಲೆ, ಬದರಿನಾಥ ಅಂಕಲ್ ಮೇಲೆಯೇ, ಬಾಯ್ತುಂಬ ನಕ್ಕ ಆ ಮನುಷ್ಯನ ಮೇಲೆಯೇ, ನಮ್ಮವರು ನಮ್ಮವರು ಅಂತ ಹುಡುಕಿಕೊಂಡು ಹೋದ ತನ್ನ ಮೇಲೆಯೇ — ಬೇರೆ ಯಾವ ಅಂಗಡಿಯವನಾದರೂ ಗಂಡನಿಗೆ ಫೋನ್ ಮಾಡುತ್ತಿದ್ದನೇ, ಗುರುತಿಲ್ಲದ ಯಾವನಾದರೂ ಟಿಕೆಟ್ ಕೊಟ್ಟು ಮರೆಯುತ್ತಿದ್ದ, ಇಷ್ಟೂ ತಿಳಿಯಲಿಲ್ಲವಲ್ಲ. ಮತ್ತೆ ಟಿಕೆಟ್ ಮಾಡಬಹುದು, ಅಕ್ಕ ಇದ್ದಾಳೆ, ಇನ್ನೂ ಒಂಬತ್ತು ದಿನ, ಪಾಸ್‌ಪೋರ್ಟ್ ಇದೆ, ಅಕ್ಕಿಹಿಟ್ಟಿನ ಡಬ್ಬದ ಹಿಂದೆ — ನಿನ್ನೆ ದೋಸೆಗೆ ಹಿಟ್ಟು ತೆಗೆಯುವಾಗ ಡಬ್ಬ ಸ್ವಲ್ಪ ಮುಂದಕ್ಕೆ ಇದ್ದ ಹಾಗಿತ್ತು, ತಾನೇ ಇಟ್ಟದ್ದು ಅಂದುಕೊಂಡಿದ್ದಳು, ಹಿಂದೆ ಕೈ ಹಾಕಿ ನೋಡಲಿಲ್ಲ. ಕೇಳಬೇಕು. ಪಾಸ್‌ಪೋರ್ಟ್ ಎಲ್ಲಿ ಅಂತ ಕೇಳಬೇಕು. ಕೇಳಿದರೆ ಉತ್ತರ ಬರುತ್ತದೆ.

ಕೈಯಲ್ಲಿ ಏನೋ ಬದಲಾಯಿತು. ನಡುಕ ನಿಂತಿತು. ಒಮ್ಮೆ ಜೋರಾಗಿ ಜಗ್ಗಿ, ಒಂದು ಸಣ್ಣ ಟಕ್, ಆಮೇಲೆ ಏನೂ ಇಲ್ಲ, ಲೈನ್ ಹಾಗೆಯೇ ಬಿಗಿಯಾಗಿದೆ, ನೆಟ್ಟಗೆ ಎರಡು ಕೊಂಬೆಯ ನಡುವೆ ಇಳಿದಿದೆ, ಹೊರಗಿನಿಂದ ನೋಡಿದವರಿಗೆ ವ್ಯತ್ಯಾಸ ಕಾಣದು, ಅವಳ ಕೈಗೆ ಗೊತ್ತು, ಗಾಳ ಈಗ ಮೀನಿನ ಬಾಯಲ್ಲಿ ಇಲ್ಲ, ಮರದಲ್ಲಿ ನಾಟಿದೆ, ಮೀನು ಹೋಯಿತು, ಯಾವಾಗಲೋ ಉಗುಳಿ, ಕೊಂಬೆ ದಾಟಿ, ಆಳಕ್ಕೆ. ಹೋಯಿತು. ಅವಳು ಹಿಡಿದುಕೊಂಡಿರುವುದು ಮರವನ್ನು. ಉಂಟಾ? ಅಂತ ಜಯಕರ ಕೇಳಿದ, ಬೆವರು ಒರೆಸಿಕೊಂಡು, ತಿರುಗಿ ನೋಡದೆ. ಇಲ್ಲ ಅಂದರೆ ಹುಟ್ಟು ಬಿಟ್ಟು ಬಂದು ಎದುರು ಕೂರುತ್ತಾನೆ, ಪರವಾಗಿಲ್ಲ ಬಿಡು ಅಂತ ಗದ್ದ ಹಿಡಿದು ಅಲ್ಲಾಡಿಸುತ್ತಾನೆ, ಈಗ ಆ ಕೈ ಮುಖಕ್ಕೆ ಬಂದರೆ ತನಗೆ ಏನಾಗುತ್ತದೋ ಗೊತ್ತಿಲ್ಲ. ಉಂಟು, ಅಂದಳು. ಅವನು ಮತ್ತೆ ಹುಟ್ಟು ಚುಚ್ಚಿದ, ತಳ್ಳಿದ, ದೋಣಿ ಕಿರ್ರೆಂದು ಕೂತಲ್ಲೇ ಕೂತಿತು. ಬಿಗಿ ಉಂಟಲ್ಲ? ಉಂಟು. ಬಿಡಬಹುದು, ಬೆರಳು ಬಿಡಿಸಿದರಾಯಿತು, ಕೋಲು ನೀರಿಗೆ ಬಿದ್ದರೆ ಬಿದ್ದೀತು, ಬಿಡು ಅಂತ ಕೈಗೆ ಹೇಳಿದಳು, ಕೈ ಬಿಡುತ್ತಿಲ್ಲ, ಇನ್ನೂ ಗಟ್ಟಿಯಾಗಿ ಹಿಡಿಯುತ್ತಿದೆ, ಲೈನ್ ನೆಟ್ಟಗೆ, ಎರಡು ಕೊಂಬೆಯ ನಡುವೆ, ಕಪ್ಪು ನೀರಿಗೆ ಇಳಿದಲ್ಲಿ ಒಂದು ಹನಿ ಕೂತಿದೆ, ನಡುಗುವುದಿಲ್ಲ, ಜಾರುವುದಿಲ್ಲ — ಉಂಟಾ ಮೋಹಿನಿ? — ಲೈನ್, ಎರಡು ಕೊಂಬೆಯ ನಡುವೆ, ನೆಟ್ಟಗೆ — ಉಂಟು.